ಐಲರಾನ್ ರಾಡ್ ಜೋಡಿಸುವ ಮುಂಚೆ ಇಷ್ಟು ನೋಡಿಕೊಳ್ಳಿ

ಮೂಡಿಗೆರೆ ಹತ್ತಿರದ ನಮ್ಮ ಕಾಫಿ ಗೋಡೌನ್ ಮಳೆಗಾಲದಲ್ಲಿ ಖಾಲಿ. ಎರಡು ಸೀಟಿನ ನನ್ನ ವಿಮಾನದ ರೆಕ್ಕೆಗಳನ್ನು ಅಲ್ಲೇ ಕಟ್ಟುತ್ತಿದ್ದೇನೆ. ಎಂಜಿನ್ ನಿಂತರೂ ವಿಮಾನ ತೇಲಿಕೊಂಡು ಇಳಿಯುತ್ತದೆ. ಆದರೆ ಅದನ್ನು ಎಡಕ್ಕೆ ಬಲಕ್ಕೆ ವಾಲಿಸುವುದು ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿ, ಅಂದರೆ ಐಲರಾನ್. ಅದನ್ನು ಆಡಿಸುವ ರಾಡೇ ಕಳಚಿದರೆ ಗತಿಯೇನು? ಅದಕ್ಕೇ ಈ ಕೆಲಸದಲ್ಲಿ ಅವಸರ ಬೇಡ.

ಪೈಲಟ್ ಕೈಯಲ್ಲಿ ಹಿಡಿಯುವ ಸ್ಟಿಕ್ಕಿನಿಂದ ಪುಶ್‌ರಾಡ್, ಅಲ್ಲಿಂದ ರೆಕ್ಕೆಯೊಳಗೆ ಎಳೆತದ ದಿಕ್ಕು ಬದಲಿಸುವ ಬೆಲ್‌ಕ್ರ್ಯಾಂಕ್, ಅಲ್ಲಿಂದ ಇನ್ನೊಂದು ಗಿಡ್ಡ ರಾಡ್, ಆಮೇಲೆ ಐಲರಾನ್. ದಾರಿ ಇಷ್ಟೇ. ಮೊದಲು ಬೆಲ್‌ಕ್ರ್ಯಾಂಕನ್ನು ಡ್ರಾಯಿಂಗ್‌ನಲ್ಲಿ ಹೇಳಿದ ನಡು ಜಾಗದಲ್ಲಿ ಅಲುಗದಂತೆ ಹಿಡಿದಿಡಿ. ಐಲರಾನನ್ನೂ ನೇರಕ್ಕೆ ತಂದು ಕಟ್ಟಿ. ರಾಡಿನ ಉದ್ದ ಹೊಂದಿಸುವುದು ಆಮೇಲೆ. ಉಕ್ಕಿನ ರಾಡ್ ಆದರೆ ತುದಿ ಮುಚ್ಚುವ ಮುಂಚೆ ಒಳಗೂ ಪ್ರೈಮರ್ ಹೋಗಲಿ. ನಮ್ಮ ಕಡೆ ಜುಲೈ ಥಂಡಿಗೆ ಸ್ಪ್ಯಾನರ್ ಕೂಡ ತುಕ್ಕು ಹಿಡಿಯುತ್ತದೆ.

ನಾನು ತಪ್ಪಿದ್ದು ರಾಡ್ ಎಂಡ್ ಹತ್ತಿರ, ಅಂದರೆ ರಾಡಿನ ತುದಿಗೆ ತಿರುಗಿಸಿ ಕೂರಿಸುವ, ಒಳಗೆ ಗುಂಡು ಇರುವ ಕೊಂಡಿಯ ಹತ್ತಿರ. ಉದ್ದ ಸರಿಯಾಗಿ ಬಂತು ಅಂತ, ಅದು ತಿರುಗದಂತೆ ತಡೆಯುವ ಜಾಮ್ ನಟ್ ಬಿಗಿದು ಊಟಕ್ಕೆ ಹೋದೆ. ವಾಪಸ್ ಬಂದು ರಾಡಿನ ಪಕ್ಕದ ಸಣ್ಣ ತೂತಿಗೆ ತಂತಿ ಹಾಕಿ ನೋಡಿದರೆ, ಸಲೀಸಾಗಿ ಆಚೆ ಹೋಯಿತು. ಅಂದರೆ ಥ್ರೆಡ್ ಅಲ್ಲಿಯವರೆಗೂ ಹೊಕ್ಕೇ ಇಲ್ಲ! ಒಂದು ತುದಿಯನ್ನು ಪೂರ್ತಿ ತಿರುಗಿಸಿ, ಇನ್ನೊಂದನ್ನು ಮೇಲುಮೇಲೆ ಬಿಟ್ಟಿದ್ದೆ. ಎರಡನ್ನೂ ಬಿಚ್ಚಿ, ಸುತ್ತು ಎಣಿಸಿ, ಎರಡೂ ಕಡೆ ಸಮ ಮಾಡಿದೆ. ತಂತಿ ತಡೆಯಲೇಬೇಕು. ತೂತಿಲ್ಲದ ರಾಡ್ ಆದರೆ ಕೂರಿಸುವ ಮುಂಚೆ ಥ್ರೆಡ್ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ.

ರಾಡ್ ಎಂಡ್ ಒಂದೇ ಕಡೆ ಹಿಡಿದಿರುವಲ್ಲಿ ಹೊರಗಡೆ ಅಗಲದ ವಾಷರ್ ಹಾಕಿ. ಒಳಗಿನ ಗುಂಡು ಸವೆದು ಕಳಚಿದರೂ ರಾಡ್ ಬೋಲ್ಟಿನಿಂದ ಜಾರಿ ಹೋಗುವುದಿಲ್ಲ. ಬೋಲ್ಟ್ ತಿರುಗುವ ಕೀಲಿನಲ್ಲಿ ನೈಲಾನ್ ನಟ್ ಬೇಡ, ತಲೆಯಲ್ಲಿ ಸೀಳುಗಳಿರುವ ಕ್ಯಾಸಲ್ ನಟ್ ಮತ್ತು ಆ ಸೀಳಿನಲ್ಲಿ ತೂರಿಸುವ ಸ್ಪ್ಲಿಟ್ ಪಿನ್ನೇ ಬೇಕು. ಜಾಗ ಇದ್ದಲ್ಲೆಲ್ಲ ಬೋಲ್ಟಿನ ತಲೆ ಮೇಲಕ್ಕೆ ಅಥವಾ ಮುಂದಕ್ಕೆ ಇರಲಿ. ನಟ್ ಬಿದ್ದರೂ ಬೋಲ್ಟ್ ಉಳಿಯುತ್ತದೆ. ವಿಮಾನಕ್ಕೆ ಬಳಸುವ 3/16 ಇಂಚಿನ ಎಎನ್3 ಬೋಲ್ಟಿಗೆ ಮಾಮೂಲಿ ನಟ್ ಆದರೆ 20ರಿಂದ 25 ಇಂಚ್-ಪೌಂಡ್ ಬಿಗಿತ ಸಾಕು. ತೆಳು ನಟ್‌ಗೆ ಇನ್ನೂ ಕಡಿಮೆ. ಟ್ರ್ಯಾಕ್ಟರ್ ಬಿಗಿದ ಕೈಗೆ ಇದು ಏನೂ ಅಲ್ಲ ಅನ್ನಿಸುತ್ತದೆ, ಆದ್ದರಿಂದ ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಲ್ಲದೆ ಮುಟ್ಟಬೇಡಿ.

ಕೊನೆಗೆ ದಿಕ್ಕು. ಎಲ್ಲ ಸಲೀಸಾಗಿ ಆಡುತ್ತಿದ್ದರೂ ಉಲ್ಟಾ ಜೋಡಿಸಿರಬಹುದು. ಸ್ಟಿಕ್ ಹಿಡಿದು ಹೆಬ್ಬೆರಳು ಮೇಲೆತ್ತಿ. ಎಡಕ್ಕೆ ವಾಲಿಸಿದರೆ ಹೆಬ್ಬೆರಳು ಎಡಕ್ಕೆ ತೋರಿಸುತ್ತದೆ ಅಲ್ವಾ, ಆ ಕಡೆಯ ಐಲರಾನೇ ಮೇಲೇಳಬೇಕು. ನಾನು ಸೀಟಿನಲ್ಲಿ ಕೂತೆ, ಮಗಳು ರೆಕ್ಕೆ ತುದಿಯಲ್ಲಿ ನಿಂತಳು. ಏನು ಬರಬೇಕು ಅಂತ ಅವಳಿಗೆ ಮೊದಲೇ ಹೇಳಿರಲಿಲ್ಲ, ಕಂಡದ್ದನ್ನು ಹೇಳು ಅಂದಿದ್ದೆ ಅಷ್ಟೇ.

"ಅಪ್ಪಾ, ಎಡಗಡೆದು ಮೇಲೆ, ಬಲಗಡೆದು ಕೆಳಗೆ."

ಆಮೇಲೇ, ನಟ್ ತಿರುಗಿದರೆ ಕಣ್ಣಿಗೆ ಬೀಳಲಿ ಅಂತ, ಒಂದೊಂದು ನಟ್ ಮೇಲೂ ಕಿತ್ತಳೆ ಬಣ್ಣದ ಗೆರೆ ಎಳೆದೆ.