ಬೋಟ್ ಇಲ್ಲದೆ ಯಾಕಿಮಾ, ಸೀರೆಯ ದಾರದ ಫ್ಲೈ

ಹೋದ ಅಕ್ಟೋಬರ್‌ನಲ್ಲಿ ಗಾಳ ಹಾಕಲು ಆರು ಸಲ ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ನದಿಯ ಕ್ಯಾನಿಯನ್‌ಗೆ ಹೋಗಿ ಬಂದೆ. ಎಲ್ಲಾ ಸೇರಿ ಮೂವತ್ತರ ಮೇಲೆ ರೇನ್‌ಬೋ ಟ್ರೌಟ್ ಸಿಕ್ಕವು. ದೊಡ್ಡದು ಹತ್ತಿರ ಹತ್ತಿರ 18 ಇಂಚು ಇತ್ತು. ಒಂದು ದಿನವೂ ಬೋಟ್ ಹತ್ತಿಲ್ಲ, ಇಂಡಿಕೇಟರ್ (ಮೀನು ಕಚ್ಚಿದ್ದನ್ನು ತೋರಿಸುವ ತೇಲುಬುಂಡೆ) ಕಟ್ಟಿಲ್ಲ. ಎಲ್ಲವೂ ನೀರಲ್ಲಿ ನಿಂತು, ಫ್ಲೈಯನ್ನು (ಗರಿ, ದಾರ ಸುತ್ತಿ ಹುಳದ ಹಾಗೆ ಮಾಡಿದ ಗಾಳ) ಸ್ವಿಂಗ್ ಮಾಡಿ, ಅಂದರೆ ಹೊಳೆಗೆ ಅಡ್ಡಕ್ಕೆ ಹಾಕಿ ನೀರಿನ ಸೆಳೆತಕ್ಕೆ ತಿರುಗಲು ಬಿಟ್ಟು ಹಿಡಿದವು.

ಇದನ್ನು ಬರೆಯಲು ಕಾರಣ ಇದೆ. ಸಿಯಾಟಲ್ ಕಡೆಯ ನಮ್ಮ ಗಾಳದ ಗೆಳೆಯರು ನಾಲ್ಕು ವರ್ಷದಿಂದ ನನಗೆ ಒಂದೇ ಮಾತು ಹೇಳುತ್ತಿದ್ದರು. "ಕ್ಯಾನಿಯನ್‌ನಲ್ಲಿ ಬೋಟ್ ಇಲ್ದೆ ಏನೂ ಸಿಗಲ್ಲ ಮಾರಾಯ, ಸುಮ್ನೆ ಪೆಟ್ರೋಲ್ ದಂಡ." ಗೈಡ್ ಜೊತೆ ಬೋಟ್‌ನಲ್ಲಿ ಒಂದು ದಿನ ಹೋದರೆ ಟಿಪ್ಸ್ ಸೇರಿ ಏಳುನೂರು ಡಾಲರ್ ಆಗುತ್ತದೆ. ಒಂದು ಸಲ ಹೋಗಿದ್ದೆ. ಮೀನು ಸಿಕ್ಕವು, ಇಲ್ಲ ಅನ್ನಲ್ಲ. ಆದರೆ ಎಲ್ಲಿ ಹಾಕಬೇಕು, ಯಾವಾಗ ಎಳೆಯಬೇಕು ಎಲ್ಲಾ ಅವರೇ ಹೇಳುತ್ತಿದ್ದರು. ತೀರ್ಥಹಳ್ಳಿ ಹತ್ತಿರ ತುಂಗೆಯ ದಡದಲ್ಲಿ ಎರೆಹುಳ ಸಿಕ್ಕಿಸಿ ಗಾಳ ಹಾಕಿ ಬೆಳೆದವನು ನಾನು. ನದಿಯೊಳಗೆ ಕಾಲಿಡದೆ ಹಿಡಿದ ಮೀನು ನನ್ನದು ಅನ್ನಿಸಲಿಲ್ಲ.

ಮೊದಲ ಎರಡು ವರ್ಷ ಪೂರ್ತಿ ಸೋತೆ. ತಪ್ಪು ಏನು ಅಂತ ಈಗ ಗೊತ್ತು. ಬೇಸಿಗೆಯಲ್ಲಿ ಕಲಿತದ್ದನ್ನೇ ಅಕ್ಟೋಬರ್‌ನಲ್ಲೂ ಮಾಡುತ್ತಿದ್ದೆ. ಬೇಸಿಗೆಯಲ್ಲಿ ಕೀಚೆಲಸ್, ಕಚೀಸ್, ಕ್ಲೀ ಎಲಮ್ ಜಲಾಶಯಗಳಿಂದ ಕೆಳಗಿನ ಸೇಬು, ಹಾಪ್ಸ್ ತೋಟಗಳಿಗೆ ನೀರು ಬಿಡುತ್ತಾರೆ. ಆಗ ಕ್ಯಾನಿಯನ್‌ನಲ್ಲಿ ಸುಮಾರು 3,500 ಕ್ಯೂಸೆಕ್ ಹರಿಯುತ್ತದೆ. ಮೀನೆಲ್ಲಾ ದಡಕ್ಕೆ ಒತ್ತಿಕೊಂಡು, ಹುಲ್ಲಿನ ಕೆಳಗೆ ನಿಂತಿರುತ್ತದೆ. ಸೆಪ್ಟೆಂಬರ್ ಮೊದಲಲ್ಲಿ ಇದು ತಿರುಗುಮುರುಗಾಗುತ್ತದೆ, ಅದಕ್ಕೆ ಇಲ್ಲಿ ಫ್ಲಿಪ್-ಫ್ಲಾಪ್ ಅನ್ನುತ್ತಾರೆ. ಮೇಲಿನ ಯಾಕಿಮಾದಲ್ಲಿ ಚಿನೂಕ್ ಸಾಲ್ಮನ್ ತೀರಾ ದಡದ ಅಂಚಿನಲ್ಲಿ ಮೊಟ್ಟೆ ಇಟ್ಟು, ಚಳಿಗಾಲದಲ್ಲಿ ನೀರು ಇಳಿದಾಗ ಅವು ಒಣಗಬಾರದು ಅಂತ ಈ ಕಡೆ ನೀರು ಇಳಿಸಿ, ಉಪನದಿ ನಾಚೀಸ್ ಕಡೆಯ ರಿಮ್‌ರಾಕ್ ಜಲಾಶಯದಿಂದ ಬಿಡುತ್ತಾರೆ. ಕೆಲವೇ ದಿನದಲ್ಲಿ ಕ್ಯಾನಿಯನ್ ಸಾವಿರ, ಸಾವಿರದ ಇನ್ನೂರಕ್ಕೆ ಬರುತ್ತದೆ. ದಡದ ಹುಲ್ಲಿನ ಕೆಳಗೆ ಮೊಣಕಾಲು ನೀರೂ ಉಳಿಯಲ್ಲ. ಮೀನು ನಡುಹೊಳೆಯ ರಿಫಲ್‌ಗೆ (ಕಲ್ಲುಗಳ ಮೇಲೆ ತೆಳುವಾಗಿ, ಜೋರಾಗಿ ಹರಿಯುವ ಜಾಗ) ಹೋಗಿರುತ್ತದೆ, ನಾನು ಮಾತ್ರ ದಡಕ್ಕೆ ಹಾಕುತ್ತಾ ನಿಂತಿದ್ದೆ. ಬೋಟ್‌ನವರಿಗೆ ಆ ರಿಫಲ್ ಅರ್ಧ ನಿಮಿಷದ ದಾರಿ. ನಡೆದು ಹೋದವನು ಅಲ್ಲಿ ಎರಡು ಗಂಟೆ ನಿಲ್ಲಬಹುದು. ಇದು ಹೊಳೆಯಲು ಎರಡು ವರ್ಷ ಬೇಕಾಯಿತು.

ದುಡ್ಡೂ ಹೋಯಿತು. ಮುಳುಗುವ ಲೈನ್‌ಗೆ ತೊಂಬತ್ತು ಡಾಲರ್ ಕೊಟ್ಟೆ. ಅಷ್ಟು ತೆಳು ನೀರಲ್ಲಿ ಅದು ಪ್ರತಿ ಕಲ್ಲಿಗೂ ಸಿಕ್ಕಿಕೊಂಡಿತು. ಒಂದೇ ಮಧ್ಯಾಹ್ನ ಒಂಬತ್ತೋ ಹತ್ತೋ ಫ್ಲೈ ಕಳೆದೆ. ನೀರಿಗಿಳಿಯಲು ಹಾಕುವ ಅಗ್ಗದ ವೇಡರ್ಸ್ ಎರಡನೇ ಟ್ರಿಪ್‌ಗೇ ಸೋರಿತು. ಒಂದು ಟ್ರಿಪ್‌ಗೆ ಪೆಟ್ರೋಲ್, ಊಟ ಎಲ್ಲಾ ಸೇರಿ ಅರವತ್ತು ಡಾಲರ್ ಹಿಡಿಯಿರಿ. ಮೊದಲೆರಡು ವರ್ಷ ಸೇರಿ ಕೈಗೆ ಬಂದದ್ದು ನಾಲ್ಕು ವೈಟ್‌ಫಿಶ್, ಎರಡು ಅಂಗೈಯಷ್ಟು ಟ್ರೌಟ್.

ಮೂರನೇ ವರ್ಷ ಜಾಗ ಸರಿಯಾಯಿತು, ಫ್ಲೈ ಸರಿ ಇರಲಿಲ್ಲ. ಅಕ್ಟೋಬರ್ ಕ್ಯಾಡಿಸ್ ಬರುವ ಕಾಲ ಅದು. ಮೈ ಕಿತ್ತಳೆ ಬಣ್ಣದ ದೊಡ್ಡ ಹುಳ. ನಾನು ಹಳೇ ಕ್ರಮದ ಪಾರ್ಟ್ರಿಜ್ ಅಂಡ್ ಆರೆಂಜ್ (ಕಿತ್ತಳೆ ದಾರದ ಮೈಗೆ ಪಾರ್ಟ್ರಿಜ್ ಹಕ್ಕಿಯ ಗರಿ ಸುತ್ತಿದ ಫ್ಲೈ) ಕಟ್ಟುತ್ತಿದ್ದೆ, ಆದರೆ ಪಾಲಿಯೆಸ್ಟರ್ ದಾರದಲ್ಲಿ. ನೀರಿಗೆ ಹಾಕಿದರೂ ಬಣ್ಣ ಹಾಗೇ ಥಳಥಳ ಅನ್ನುತ್ತಿತ್ತು. ಹುಳದ ಮೈ ಹಾಗಿರಲ್ಲ ಅಲ್ವಾ? ಹಳೇ ಕ್ರಮದಲ್ಲಿ ಅದಕ್ಕೆ ಬಳಸುತ್ತಿದ್ದುದು ಅಸಲಿ ರೇಷ್ಮೆ ದಾರ.

ಊರಿಗೆ ಹೋದಾಗ ಸೀರೆ ಕುಚ್ಚು ಕಟ್ಟುವವರ ಹತ್ತಿರ ಕೇಸರಿ ದಾರ ತಂದೆ. ಬೆಂಕಿ ತಾಗಿಸಿದರೆ ಕಾಗದ ಸುಟ್ಟ ವಾಸನೆ. ಅದು ಆರ್ಟ್ ಸಿಲ್ಕ್, ಅಂದರೆ ಕೃತಕ ರೇಷ್ಮೆ. ಅಮ್ಮನಿಗೆ ಹೇಳಿದೆ. ಅವಳ ಹಳೇ ಮೊಳಕಾಲ್ಮೂರು ಸೀರೆಗೆ ಕುಚ್ಚು ಕಟ್ಟಿಸಿರಲಿಲ್ಲ. ಸೆರಗಿನ ತುದಿಯಲ್ಲಿ ನೇಯದೆ ಬಿಟ್ಟ ಹಾಸಿನ ಎಳೆಗಳು ಹಾಗೇ ಇದ್ದವು. "ಸೀರೆಗೆ ಏನೂ ಆಗಬಾರದು ನೋಡು" ಅಂತ ಹೇಳಿ ತಾನೇ ಕತ್ತರಿಸಿ ಕೊಟ್ಟಳು. ಒಂದು ಎಳೆ ಸುಟ್ಟೆ. ಕೂದಲು ಸುಟ್ಟ ವಾಸನೆ ಬಂತು, ಬೂದಿ ಬೆರಳಲ್ಲಿ ಪುಡಿಯಾಯಿತು. ಅಸಲಿ ರೇಷ್ಮೆ.

12ನೇ ನಂಬರ್ ಗಾಳಕ್ಕೆ ಒಂದೇ ಪದರ ಸುತ್ತಿ, ಬಿಳಿ ಬಟ್ಟಲಿನ ನೀರಲ್ಲಿ ಇಟ್ಟು ನೋಡಿದೆ. ಕೇಸರಿ ಬಣ್ಣ ಕಣ್ಣೆದುರೇ ಕಪ್ಪಿಟ್ಟು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಒಳಗಿನ ಗಾಳದ ಕಡ್ಡಿ ಮಸುಕಾಗಿ ಕಂಡಿತು, ಹುಳದ ಹೊಟ್ಟೆಯೊಳಗಿನ ಗೆರೆಯ ಹಾಗೆ. ಎರಡು ಪದರ ಸುತ್ತಿದರೆ ಈ ಗುಣ ಹೋಗುತ್ತದೆ. ದಾರಕ್ಕೆ ಮೇಣ ತಿಕ್ಕಬೇಕು. ಮೇಣಕ್ಕೆ ನಾನು ಇನ್ನೊಂದು ವಸ್ತು ಬೆರೆಸುತ್ತೇನೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಈಗ ಹಾಕುವ ಕ್ರಮ. ತುದಿಯಲ್ಲಿ 10ನೇ ನಂಬರ್ ಕ್ಯಾಡಿಸ್ ಪ್ಯೂಪಾ (ಹುಳದ ಕೋಶಾವಸ್ಥೆಯ ಹಾಗೆ ಕಟ್ಟಿದ ಫ್ಲೈ), ಸ್ವಲ್ಪ ತೂಕದ್ದು. ಅದಕ್ಕೆ ಒಂದೂವರೆ ಅಡಿ ಮೇಲೆ ರೇಷ್ಮೆಯದು. ಬಾರ್ಬ್ (ಹಿಮ್ಮುಳ್ಳು) ಇಲ್ಲದ ಗಾಳ ಅಂತ ಹೇಳಬೇಕಾಗಿಲ್ಲ. ಟಿಪ್ಪೆಟ್, ಅಂದರೆ ಫ್ಲೈ ಕಟ್ಟುವ ತುದಿಯ ತೆಳು ದಾರ, 4ಎಕ್ಸ್. ನೀರು ತಿಳಿ ಇದೆ ಅಂತ ಇನ್ನೂ ತೆಳುವಾದ 6ಎಕ್ಸ್ ಹಾಕಿ ಒಂದೇ ಸಂಜೆ ಮೂರು ಒಳ್ಳೇ ಮೀನು ಕಿತ್ತುಕೊಂಡು ಹೋದವು. ಬಿಗಿ ದಾರಕ್ಕೆ ಕಚ್ಚುವ ಮೀನಿಗೆ ಅದು ತಡೆಯಲ್ಲ. ರಿಫಲ್ ಮುಗಿದು ಆಳ ಶುರುವಾಗುವ ಅಂಚಿನ ಮೇಲ್ಗಡೆ ನಿಲ್ಲಬೇಕು. ಅಡ್ಡಕ್ಕೆ, ಸ್ವಲ್ಪ ಕೆಳಕ್ಕೆ ಹಾಕಿ ಒಂದೇ ಒಂದು ಮೆಂಡ್, ಅಂದರೆ ಲೈನನ್ನು ಒಮ್ಮೆ ಮೇಲ್ಹರಿವಿನ ಕಡೆ ಎತ್ತಿ ಹಾಕುವುದು. ಆಮೇಲೆ ಕೈ ಮುಟ್ಟಬಾರದು. ಫ್ಲೈ ತಾನಾಗಿ ತಿರುಗಿ ಕೆಳಗೆ ಬಂದು ನಿಂತ ಮೇಲೂ ಎಂಟು ಎಣಿಸಬೇಕು. ನನಗೆ ಸಿಕ್ಕ ಮೀನಲ್ಲಿ ಅರ್ಧದಷ್ಟು ಐದಕ್ಕೂ ಎಂಟಕ್ಕೂ ನಡುವೆ ಸಿಕ್ಕವು. ಬೆರಳ ಕೆಳಗೆ ಗೇಣುದ್ದ ದಾರ ಸಡಿಲ ಇಟ್ಟಿರಿ. ಮೀನು ಅದನ್ನು ಎಳೆದುಕೊಂಡು ತಿರುಗಲಿ. ನೀವು ಎಳೆದರೆ ಹೋಯಿತು.

ಆ 18 ಇಂಚಿನದು ಬಂದದ್ದು ಅಕ್ಟೋಬರ್ ನಡುವಿನ ಒಂದು ಸಂಜೆ. ಉಮ್ಟಾನಮ್ ತೂಗುಸೇತುವೆಯಿಂದ ತುಂಬಾ ದೂರ ಅಲ್ಲ, ಅಷ್ಟೇ ಹೇಳುತ್ತೇನೆ. ಬಿಸಿಲು ಬಸಾಲ್ಟ್ ಬಂಡೆಯ ತುದಿಗೆ ಏರಿತ್ತು. ಕಾಟನ್‌ವುಡ್‌ನ ಹಳದಿ ಎಲೆಗಳು ತೇಲಿ ಬಂದು ಮೂರು ಸಲಕ್ಕೊಮ್ಮೆ ಗಾಳಕ್ಕೆ ಸಿಗುತ್ತಿದ್ದವು. ಆರು ಎಣಿಸಿದ್ದೆ. ಮತ್ತೊಂದು ಎಲೆ ಇರಬೇಕು ಅಂದುಕೊಂಡೆ. ಗೇಣು ದಾರ ಸರಕ್ಕನೆ ಹೋಯಿತು, ರೀಲ್ ಕೂಗಿತು. ಎರಡು ಸಲ ಹಾರಿ, ನಡುಹೊಳೆಗೆ ಓಡಿ, ಕೆಳಗಿನ ಕಲ್ಲಿನ ಹಿಂದೆ ನಿಂತಿತು. ನಾನು ದಡಕ್ಕೆ ಬಂದು ಮೂವತ್ತು ಹೆಜ್ಜೆ ಕೆಳಗೆ ನಡೆದೆ. ಬಲೆಗೆ ಬಂದಾಗ ಕೆನ್ನೆಯಿಂದ ಬಾಲದವರೆಗೆ ಕೆಂಪು ಸೀಬೆಯ ಒಳತಿರುಳಿನ ಬಣ್ಣ. ದವಡೆಯ ಮೂಲೆಯಲ್ಲಿ ಅಮ್ಮನ ಸೀರೆಯ ಎಳೆ. ಕೈ ಒದ್ದೆ ಮಾಡಿಕೊಂಡು, ನೀರಿನಿಂದ ಮೇಲೆತ್ತದೆ ಬಿಡಿಸಿದೆ. ಒಂದು ಕ್ಷಣ ನನ್ನ ಬೂಟಿನ ನೆರಳಲ್ಲೇ ನಿಂತು, ಆಮೇಲೆ ಹೋಯಿತು. 1990ರಿಂದ ಇಲ್ಲಿ ಟ್ರೌಟ್ ಬಿಡಲೇಬೇಕು ಅನ್ನುವ ನಿಯಮ ಇದೆ. ಇಷ್ಟು ದೊಡ್ಡ ಕಾಡುಮೀನು ಉಳಿದಿರುವುದು ಅದರಿಂದಲೇ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ತೆಂಗಿನ ನಾರನ್ನು ಬಿಡಿಸಿ ಫ್ಲೈಗೆ ಕಾಲು ಮಾಡಿದೆ, ತೀರಾ ಬಿರುಸು, ಒಂದೂ ಕಚ್ಚಲಿಲ್ಲ. ನಾಟಿ ಕೋಳಿಯ ಕುತ್ತಿಗೆ ಗರಿ ಪಾರ್ಟ್ರಿಜ್ ಗರಿಯಷ್ಟು ಮೆದು ಅಲ್ಲ, ಆದರೂ ಜೋರು ನೀರಲ್ಲಿ ಎರಡು ಮೀನು ಕೊಟ್ಟಿತು. ಮೋಡ ಇದ್ದ ದಿನ ಬ್ಲೂ ವಿಂಗ್ಡ್ ಆಲಿವ್ ಅನ್ನುವ ಸಣ್ಣ ಆಲಿವ್ ಬಣ್ಣದ ಹುಳ ಎದ್ದರೆ ಮಾತ್ರ ಮೀನು ನನ್ನ ಕೇಸರಿ ಫ್ಲೈಯನ್ನು ಮೂಸಿಯೂ ನೋಡಲ್ಲ. ಎರಡು ಮಧ್ಯಾಹ್ನ ಹಾಗೇ ಖಾಲಿ ಕೈಯಲ್ಲಿ ಬಂದೆ.

ಕ್ಯಾನಿಯನ್ ಬಿಟ್ಟು ಮೇಲೆ ಕ್ಲೀ ಎಲಮ್ ಕಡೆ ಹೋಗುವವರಿಗೆ ಒಂದು ಮಾತು. ತಳದಲ್ಲಿ ಜಲ್ಲಿ ತೊಳೆದ ಹಾಗೆ ತಿಳಿ ಬಣ್ಣಕ್ಕೆ ಕಂಡರೆ ಅದು ಸಾಲ್ಮನ್ ಗೂಡು. ಸುತ್ತು ಬಳಸಿ ಹೋಗಿ, ದಯವಿಟ್ಟು ತುಳಿಯಬೇಡಿ. ನಮಗೆ ನಿಲ್ಲಲು ಜಾಗ ಸಿಕ್ಕಿದ್ದೇ ಆ ಮೊಟ್ಟೆಗಳಿಗೋಸ್ಕರ ನೀರು ಇಳಿಸಿದ್ದರಿಂದ.

ಹೋದ ವಾರ ಅಮ್ಮನಿಂದ ಇನ್ನೊಂದು ಲಕೋಟೆ ಬಂತು. ಈ ಸಲ ಗಿಳಿಹಸಿರು. ಮೇಣ ತಿಕ್ಕಿ ಬಟ್ಟಲಲ್ಲಿ ಇಟ್ಟಿದ್ದೇನೆ, ಆಲಿವ್ ಬಣ್ಣಕ್ಕೆ ಬರುತ್ತಿದೆ. ಇನ್ನೂ ಸಣ್ಣ 18ನೇ ನಂಬರ್ ಗಾಳಗಳನ್ನೂ ತರಿಸಿದ್ದಾಗಿದೆ.