ನೆರೆ ನೀರು ಮೊದಲು ಬರುವುದು ಬಚ್ಚಲಿನಿಂದ

ಈ ಸಲ ಬಾಗಿಲ ಹೊರಗೆ ಮೊಣಕಾಲುದ್ದ ನೀರು ನಿಂತಿತ್ತು. ಒಳಗೆ ಬಂದದ್ದು ಒರೆಸುವ ಬಟ್ಟೆಗೆ ಸಾಕಾಗುವಷ್ಟು. ‘ಹಲಗೆ ಕಟ್ಟಿ ನೆರೆ ನಿಲ್ಲಿಸುತ್ತಾನಂತೆ’ ಎಂದವರೇ ಈಗ ಅಳತೆ ಕೇಳಿಕೊಂಡು ಬರುತ್ತಿದ್ದಾರೆ. ಹಾಗಾಗಿ ಮನೆಯೊಳಗೆ ನೆರೆ ನೀರು ನುಗ್ಗದಂತೆ ಏನೇನು ಮಾಡಿದೆ ಎಂದು ಬರೆದುಬಿಡೋಣ ಅನ್ನಿಸಿತು.

ಮೊದಮೊದಲು ನನ್ನ ದುಡ್ಡೆಲ್ಲ ಬಾಗಿಲಿಗೇ ಹೋಯಿತು. ಮರಳು ಚೀಲಗಳನ್ನು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿ, ಬಾಯಿ ಮಡಚಿ, ಸಂದು ತಪ್ಪಿಸಿ ಜೋಡಿಸಿ, ತುಳಿದು ಕೂರಿಸಿದ್ದೆ. ಆ ಸಾಲು ಚೆನ್ನಾಗಿಯೇ ನಿಂತಿತು. ಆದರೆ ಬಚ್ಚಲ ಜಾಲರಿಯ ಕೆಳಗೆ ಗುಳುಗುಳು ಸದ್ದು. ಮೊದಲು ಗುಳ್ಳೆ, ಆಮೇಲೆ ಜಿರಳೆ, ಹಿಂದೆಯೇ ಕಪ್ಪು ನೀರು. ಚರಂಡಿಯ ಮಟ್ಟ ನಮ್ಮ ನೆಲಕ್ಕಿಂತ ಮೇಲೇರಿದರೆ ಪೈಪಿನಲ್ಲಿ ನೀರು ಹಿಂದಕ್ಕೆ ಬರಲೇಬೇಕು, ಅಲ್ವಾ? ಬಟ್ಟೆ ತುರುಕಿದರೆ ಕಿತ್ತುಕೊಂಡು ಬಂತು. ನಟ್ಟು ತಿರುಗಿಸಿದರೆ ರಬ್ಬರ್ ಉಬ್ಬುವ ಪ್ಲಗ್ ಹಾಕಿದೆ. ಬಚ್ಚಲು ನಿಂತಿತು, ಕಮೋಡಿನಿಂದ ಉಕ್ಕಿತು. ಒಂದೊಂದೇ ಬಾಯಿ ಮುಚ್ಚುತ್ತಾ ಹೋದರೆ ನೀರು ಮುಂದಿನ ತಗ್ಗಿನ ಬಾಯಿ ಹುಡುಕುತ್ತದೆ, ಅಷ್ಟೇ.

ಹಾಗಾಗಿ ಮನೆಯ ಪೈಪೆಲ್ಲ ಸೇರುವ ಕೊನೆಯ ಚೇಂಬರಿನಲ್ಲಿ (ನೆಲದಡಿಯ ಗುಂಡಿಯಲ್ಲಿ) ಒಂದೇ ಒಂದು ನಾನ್ ರಿಟರ್ನ್ ವಾಲ್ವ್, ಅಂದರೆ ನೀರನ್ನು ಹೊರಗೆ ಮಾತ್ರ ಬಿಟ್ಟು ಹಿಂದಕ್ಕೆ ಬಿಡದ ವಾಲ್ವ್, ಕೂರಿಸಿದೆ. ಒಟ್ಟು ಖರ್ಚಿನಲ್ಲಿ ಇದು ಎಂಟನೇ ಒಂದು ಭಾಗವೂ ಇರಲಿಕ್ಕಿಲ್ಲ. ಇಡೀ ಮನೆ ಉಳಿಸಿದ್ದು ಇದೇ ಎಂದು ಧೈರ್ಯವಾಗಿ ಹೇಳುತ್ತೇನೆ. ಆದರೆ ಇದೂ ಮೊದಲ ಮಳೆಗೇ ಕೈಕೊಟ್ಟಿತು. ಬಿಚ್ಚಿ ನೋಡಿದರೆ ಒಳಗೆ ನೀರನ್ನು ತಡೆಯುವ ರೆಕ್ಕೆಯ ಅಂಚಿಗೆ ಕೂದಲಿನ ಒಂದು ಗಂಟು ಸಿಕ್ಕಿಕೊಂಡಿತ್ತು. ಬೆರಳ ಉಗುರಿನಷ್ಟು ಸಂದು, ಅದರಿಂದಲೇ ನೆಲವೆಲ್ಲ ಕೆಸರು. ವಾಲ್ವಿನ ಮುಚ್ಚಳ ಕೈಗೆ ಸಿಗುವಂತಿರಬೇಕು. ಮಳೆಗಾಲಕ್ಕೆ ಮುಂಚೆ ತೆಗೆದು ತೊಳೆಯಬೇಕು.

ಅದಕ್ಕಿಂತ ದೊಡ್ಡ ತೊಂದರೆ ಛಾವಣಿಯದು. ವಾಲ್ವ್ ಮುಚ್ಚಿದ ಮೇಲೆ ನಮ್ಮ ನೀರೂ ಹೊರಗೆ ಹೋಗುವುದಿಲ್ಲ. ಮಹಡಿಯ ಮಳೆನೀರಿನ ಪೈಪು ಅದೇ ಚೇಂಬರಿಗೆ ಬಿದ್ದಿತ್ತು. 100 ಚದರ ಮೀಟರ್ ಛಾವಣಿಗೆ 50 ಮಿ.ಮೀ. ಮಳೆ ಎಂದರೆ 5,000 ಲೀಟರ್. ಅದೆಲ್ಲ ಬಚ್ಚಲಿಗೇ ಬಂತು. ಆ ಪೈಪನ್ನು ಕತ್ತರಿಸಿ ಬೇರೆಯಾಗಿ ಹೊರಗೆ ಬಿಟ್ಟ ಮೇಲೆಯೇ ನೆಮ್ಮದಿ. ವಾಲ್ವ್ ಹಾಕಿಸುವವರು ಮೊದಲು ಇದನ್ನು ನೋಡಿ. ನೆರೆ ಇರುವಾಗ ಫ್ಲಶ್ ಕೂಡ ಮಾಡಬೇಡಿ.

ಬಾಗಿಲಿಗೆ ಈಗ ಚೀಲ ಇಲ್ಲ. ಎರಡೂ ಕಡೆ ಹಲಗೆ ಕೂರುವ ಅಲ್ಯೂಮಿನಿಯಂ ಚಾನೆಲ್, ನಡುವೆ ದಪ್ಪ ಮರೈನ್ ಪ್ಲೈ (ನೀರಿಗೆ ತಡೆಯುವ ಪ್ಲೈವುಡ್) ಹಲಗೆ, ಎತ್ತರ 60 ಸೆಂ.ಮೀ. ಖರ್ಚಿನ ಅರ್ಧದಷ್ಟು ಇದಕ್ಕೇ ಹೋಯಿತು. ಹಲಗೆಯ ಅಂಚಿನ ಸಂದಿಗೆ ಗಟ್ಟಿ ರಬ್ಬರ್ ಹಾಕಿದಾಗ ಸೋರಿತು, ಸ್ಪಾಂಜಿನಂಥ ಮೆತ್ತನೆ ರಬ್ಬರ್ ಹಾಕಿದಾಗ ನಿಂತಿತು. ಹಲಗೆಯ ಮೇಲಂಚಿನವರೆಗೆ ನೀರು ಬಂದರೆ ಒಂದು ಮೀಟರ್ ಅಗಲಕ್ಕೆ ಸುಮಾರು 180 ಕೆ.ಜಿ. ಭಾರ ಬೀಳುತ್ತದೆ. ಆ ಭಾರವೇ ಹಲಗೆಯನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಕೆಳಗಿನ ಎರಡು ಮೂಲೆಗಳ ಸೋರಿಕೆಗೆ ನಾನು ಕಂಡುಕೊಂಡ ಉಪಾಯ ಒಂದಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಹಲಗೆಯನ್ನು ಇನ್ನೂ ಎತ್ತರ ಮಾಡಿ ಎಂದು ಹೇಳುವವರಿದ್ದಾರೆ. ನಾನು ಮಾಡುವುದಿಲ್ಲ. ಒಂದು ಮೀಟರಿಗೆ ಹೋದರೆ ಭಾರ 500 ಕೆ.ಜಿ. ಆಗುತ್ತದೆ, ಆಗ ಗೋಡೆಗೇ ಅಪಾಯ. ಅಷ್ಟು ನೀರು ಬಂದರೆ ಒಳಗೆ ಬಿಟ್ಟುಕೊಂಡು ಮನೆಯವರನ್ನು ಕರೆದುಕೊಂಡು ಎತ್ತರಕ್ಕೆ ಹೋಗುವುದೇ ಸರಿ.

ಸಣ್ಣ ಸೋರಿಕೆಗೆ ಬ್ಯಾಟರಿಯಲ್ಲಿ ಓಡುವ ಪುಟ್ಟ ಪಂಪ್ ಇದೆ. ಅದರ ಮೆದುಗೊಳವೆಯ ತುದಿ ಹೊರಗಿನ ನೀರಲ್ಲಿ ಮುಳುಗಿತ್ತು. ಪಂಪ್ ನಿಲ್ಲಿಸಿದ್ದೇ ತಡ, ಹಾಕಿದ ನೀರೆಲ್ಲ ಅದೇ ಕೊಳವೆಯಲ್ಲಿ ವಾಪಸ್! ಈಗ ತುದಿಯನ್ನು ನೀರಿನ ಮಟ್ಟಕ್ಕಿಂತ ಮೇಲೆ ಕಟ್ಟುತ್ತೇನೆ. ಜನರೇಟರ್ ಇಟ್ಟವರು ಅದನ್ನು ಮನೆಯೊಳಗೆ ಯಾವತ್ತೂ ಓಡಿಸಬೇಡಿ, ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ನೀರು ಕುಡಿದು ಉಬ್ಬುವ ಚೀಲಗಳನ್ನು ತರಿಸಿದೆ. ಒಂದೇ ಸಲಕ್ಕೆ ಮುಗಿಯಿತು, ದುಡ್ಡು ದಂಡ. ಉಪ್ಪುನೀರಿನಲ್ಲಂತೂ ಅವು ಅಷ್ಟಾಗಿ ಉಬ್ಬುವುದೇ ಇಲ್ಲ. ಸಂಪಿನ ವಿಷಯಕ್ಕೆ ಬಂದರೆ, ಅದನ್ನು ಖಾಲಿ ಬಿಡುವುದಿಲ್ಲ, ತುಂಬಿಸಿಡುತ್ತೇನೆ. ಸುತ್ತಲಿನ ಮಣ್ಣು ನೀರು ಕುಡಿದಾಗ ಹಗುರ ಟ್ಯಾಂಕು ನೆಲ ಬಿಟ್ಟು ಮೇಲೇಳುತ್ತದೆ. ಖಾಲಿ ಗ್ಯಾಸ್ ಸಿಲಿಂಡರ್, ಫ್ರಿಜ್ ಕೂಡ ತೇಲುತ್ತವೆ. ಸಿಲಿಂಡರಿಗೆ ಗೋಡೆಗೆ ಸರಪಳಿ ಹಾಕಿದ್ದೇನೆ.

ಇನ್ನು ಬಿರುಗಾಳಿಯ ವಿಷಯ. ಅದಕ್ಕೆಂದು ಕಿಟಕಿ ಗಾಜಿನ ಮೇಲೆ ಟೇಪ್ ಅಂಟಿಸುವುದು ಸುಮ್ನೆ ಕೆಲಸ. ಗಾಜು ಒಡೆಯುವುದು ತಪ್ಪುವುದಿಲ್ಲ, ಚೂರು ಇನ್ನೂ ದೊಡ್ಡದಾಗಿ ಬೀಳಬಹುದು. ಪ್ಲೈ ಹೊಡೆಯುವುದೇ ವಾಸಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಬಲ ನಾಲ್ಕು ಪಟ್ಟು, ಮತ್ತು ಛಾವಣಿಯ ಶೀಟು ಮೊದಲು ಏಳುವುದು ಅಂಚು ಮತ್ತು ಮೂಲೆಯಿಂದ. ಅಲ್ಲಿ ಮಾತ್ರ ಸ್ಕ್ರೂ ಎರಡು ಪಟ್ಟು ಮಾಡಿದೆ, ನಡುವೆ ಮುಟ್ಟಲಿಲ್ಲ. ಕೆಲಸದವನು ಒಪ್ಪಲಿಲ್ಲ, ಆದರೆ ಈ ಸಲದ ಬಿರುಗಾಳಿಗೆ ಒಂದು ಶೀಟೂ ಅಲ್ಲಾಡಲಿಲ್ಲ.

ಬಾಕಿ ಉಳಿದದ್ದು ಕರೆಂಟು. ಕೆಳಮನೆಯ ಸಾಕೆಟ್ಟುಗಳನ್ನು ಎದೆಮಟ್ಟಕ್ಕೆ ಏರಿಸಿ, ಅವಕ್ಕೆ ಬೇರೆ ಬ್ರೇಕರ್ ಕೊಡಿಸಬೇಕು. ಆಗ ಕೆಳಗೆ ಆರಿಸಿದರೂ ಮೇಲೆ ದೀಪ ಇರುತ್ತದೆ. ವೈರಿನ ಪೈಪಿಗೆ ಗೋಡೆ ಕೊರೆಯುವ ಕೆಲಸ ಈಗಾಗಲೇ ಶುರುವಾಗಿದೆ.