ಅಮೆರಿಕದ ಕಾಲೇಜು ಫುಟ್‌ಬಾಲ್: ಕಪ್ ಗೆದ್ದವರ ಪಟ್ಟಿ ಓದುವುದು ಹೇಗೆ?

ಅಮೆರಿಕಕ್ಕೆ ಓದಲು ಹೋಗಿ ಅಲ್ಲೇ ಕಾಲೇಜು ಟೀಮಿನಲ್ಲಿ ಆಡಬೇಕು ಎನ್ನುವ ಹುಡುಗರು ಈಗ ಮಂಗಳೂರಿನ ನೆಹರೂ ಮೈದಾನದಲ್ಲೂ ಸಿಗುತ್ತಾರೆ. ನಾನು ಅಲ್ಲಿ ಸಂಜೆ ಕೋಚಿಂಗ್ ಮಾಡುವವನು. "ಸರ್, ಯಾವ ಕಾಲೇಜು ಬೆಸ್ಟ್?" ಎಂದು ಮೊಬೈಲ್ ಮುಂದೆ ಹಿಡಿಯುತ್ತಾರೆ. ನಮ್ಮ ಫುಟ್‌ಬಾಲ್‌ನಲ್ಲಿ (ಅಲ್ಲಿ ಅದಕ್ಕೆ ಸಾಕರ್ ಎನ್ನುತ್ತಾರೆ) ಯಾವ ಕಾಲೇಜು ಎಷ್ಟು ಕಪ್ ಗೆದ್ದಿದೆ ಎಂಬ ಪಟ್ಟಿ ಅದು. ಮೇಲಿನ ಮೂರು ಹೆಸರು ನೋಡಿ ತೀರ್ಮಾನ ಮಾಡಬೇಡಿ ಮಾರಾಯ್ರೆ.

ಅಲ್ಲಿನ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆ ಹುಡುಗರ ಈ ಟೂರ್ನಮೆಂಟ್ ಶುರು ಮಾಡಿದ್ದು 1959ರಲ್ಲಿ. ಮೊದಲ ಡಿವಿಷನ್ನಿನಲ್ಲಿ, ಅಂದರೆ ಅತಿ ಮೇಲಿನ ದರ್ಜೆಯಲ್ಲಿ, ಸೇಂಟ್ ಲೂಯಿಸ್ 10 ಸಲ, ಇಂಡಿಯಾನಾ 8 ಸಲ, ವರ್ಜೀನಿಯಾ 7 ಸಲ ಗೆದ್ದಿವೆ. ಒಂದು ನೋಟ್‌ಬುಕ್ ತೆಗೆದು ಈ ಸಂಖ್ಯೆಗಳ ಪಕ್ಕ ಇಸವಿ ಬರೆಯಿರಿ. ಆಗ ಗೊತ್ತಾಗುತ್ತದೆ: ಸೇಂಟ್ ಲೂಯಿಸ್‌ನ ಹತ್ತೂ ಕಪ್ 1959ರಿಂದ 1973ರೊಳಗೆ ಬಂದವು. ಆಮೇಲೆ ಒಂದೂ ಇಲ್ಲ. ಆ ಊರಿನ ಚರ್ಚ್‌ಗಳ ಲೀಗ್‌ನಲ್ಲಿ ಆಡಿ ಬೆಳೆದ ಹುಡುಗರೇ ಆ ಟೀಮಿನ ಬೆನ್ನೆಲುಬು. ಮಂಗಳೂರಿನ ನಮ್ಮ ಅಲೋಶಿಯಸ್ ಕಾಲೇಜಿನಂತೆ ಅದೂ ಜೆಸುಯಿಟ್ ಪಾದ್ರಿಗಳ ಸಂಸ್ಥೆ. 2019ರಲ್ಲಿ ಗೆದ್ದ ಜಾರ್ಜ್‌ಟೌನ್ ಕೂಡ ಅವರದ್ದೇ.

ಇನ್ನೊಂದು ಕಾಲಂ ಎಳೆದು ಕೋಚ್ ಹೆಸರು ಹಾಕಿ. ನನಗೆ ಜಾಸ್ತಿ ವಿಷಯ ಸಿಗುವುದು ಇಲ್ಲೇ. ಇಂಡಿಯಾನಾದ ಸಾಲು ಹೀಗಿರುತ್ತದೆ: 1982, 1983, 1988, 1998, 1999, 2003, ಆರಕ್ಕೂ ಜೆರ್ರಿ ಯೇಗ್ಲಿ. ಕೊನೆಯದನ್ನು ಗೆದ್ದೇ ನಿವೃತ್ತರಾದರು. ಮರುವರ್ಷ ಅವರಿಲ್ಲದೆಯೂ ಟೀಮ್ ಗೆದ್ದಿತು. 2012ರಲ್ಲಿ ಕೋಚ್ ಅವರ ಮಗ ಟಾಡ್. ವರ್ಜೀನಿಯಾದ ಏಳರಲ್ಲಿ ಐದು ಬ್ರೂಸ್ ಅರೀನಾ ಕಾಲದ್ದು, 1991ರಿಂದ 1994ರವರೆಗೆ ಸತತ ನಾಲ್ಕು. ಅವರು ಹೋದ ಮೇಲೆ ಮುಂದಿನ ಕಪ್ಪಿಗೆ 2009ರವರೆಗೆ ಕಾಯಬೇಕಾಯಿತು. ಕೋಚ್ ಹೋದ ಮೇಲೂ ಗೆಲ್ಲುವ ಕಾಲೇಜಿಗೆ ನಾನು ಜಾಸ್ತಿ ಮಾರ್ಕ್ಸ್ ಕೊಡುತ್ತೇನೆ.

ವಿಚಿತ್ರ ಸಾಲುಗಳೂ ಇವೆ. 1967, 1968, 1989ರಲ್ಲಿ ಎರಡೆರಡು ಹೆಸರು ಕಾಣುತ್ತವೆ, ಕಪ್ ಹಂಚಿಕೊಂಡಿದ್ದಾರೆ. 1967ರದ್ದು ಹವಾಮಾನ ಕೆಟ್ಟು ನಿಂತ ಫೈನಲ್. ಆಟಿ ತಿಂಗಳ ಮಳೆಯಲ್ಲೂ ಕೆಸರಿನಲ್ಲಿ ಆಡುವ ನಮ್ಮ ಹುಡುಗರಿಗೆ ಇದು ನಗು ತರಿಸುತ್ತದೆ! 1971ರಲ್ಲಿ ಹೋವರ್ಡ್ ಗೆದ್ದ ಕಪ್ಪನ್ನು ಆಟಗಾರರ ಅರ್ಹತೆಯ ತಕರಾರಿನಲ್ಲಿ ವಾಪಸ್ ಪಡೆದರು. ಕರಿಯರ ಶಿಕ್ಷಣಕ್ಕೆಂದು ಕಟ್ಟಿದ ಆ ಯೂನಿವರ್ಸಿಟಿ 1974ರಲ್ಲಿ ಒಂದೂ ಮ್ಯಾಚ್ ಸೋಲದೆ, ಫೈನಲ್‌ನಲ್ಲಿ ಸೇಂಟ್ ಲೂಯಿಸನ್ನೇ 2–1ರಿಂದ ಸೋಲಿಸಿ ಮತ್ತೆ ಕಪ್ ಎತ್ತಿತು. ಬರೀ ಸಂಖ್ಯೆ ನೋಡಿದರೆ ಹೋವರ್ಡ್ ಮುಂದೆ 1 ಅಷ್ಟೇ. 2020ರ ಫೈನಲ್ ನಡೆದದ್ದು 2021ರ ಮೇ ತಿಂಗಳಲ್ಲಿ, ಕೋವಿಡ್‌ನಿಂದ. ತಾರೀಕು ನೋಡಿ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ನಿಮಗೆ ನಿಜವಾಗಿ ಬೇಕಾದ್ದು ಇತ್ತೀಚಿನ ಸಾಲುಗಳು. 2015ರಿಂದ ಮೂರು ವರ್ಷ ಸ್ಟ್ಯಾನ್‌ಫರ್ಡ್. 2021, 2023ರಲ್ಲಿ ಕ್ಲೆಮ್ಸನ್. ಆ 2020ರ ಕಪ್ ಮಾರ್ಷಲ್‌ನದ್ದು. ಆ ಟೀಮಿನಲ್ಲಿ ಹೊರದೇಶದ ಹುಡುಗರು ತುಂಬಾ ಇದ್ದರು. 2024ರಲ್ಲಿ ಅದೇ ಮಾರ್ಷಲ್ಲನ್ನು ಹೆಚ್ಚುವರಿ ಸಮಯದಲ್ಲಿ 2–1ರಿಂದ ಸೋಲಿಸಿದ್ದು ವರ್ಮಾಂಟ್. 48 ಟೀಮುಗಳಲ್ಲಿ 16ಕ್ಕೆ ಸೀಡಿಂಗ್, ಅಂದರೆ ಬಲಿಷ್ಠ ಟೀಮೆಂದು ಮೊದಲೇ ಕ್ರಮಾಂಕ, ಕೊಡುತ್ತಾರೆ, ವರ್ಮಾಂಟ್‌ಗೆ ಅದೂ ಇರಲಿಲ್ಲ. ಮಂಗಳೂರಿನಿಂದ ಅರ್ಜಿ ಹಾಕುವವನು ಹಳೆಯ ಹತ್ತು ಕಪ್ಪಿಗಿಂತ ಇಂಥ ಟೀಮುಗಳ ಆಟಗಾರರ ಪಟ್ಟಿ ತೆಗೆದು, ಯಾರು ಯಾವ ದೇಶದವರು ಎಂದು ನೋಡುವುದು ಒಳ್ಳೆಯದು.

ಡಿವಿಷನ್ ಯಾವುದು ಎಂದು ಮಾತ್ರ ಮರೆಯದೆ ನೋಡಿ. ಮೆಸಾಯಾ ಎಂಬ ಕಾಲೇಜಿನ ಮುಂದೆ 11 ಕಪ್ ಕಾಣುತ್ತದೆ, ಸೇಂಟ್ ಲೂಯಿಸ್‌ಗಿಂತ ಒಂದು ಜಾಸ್ತಿ. ಅದು ಮೂರನೇ ಡಿವಿಷನ್. ಅಲ್ಲಿ ಆಟಕ್ಕೆಂದು ಸ್ಕಾಲರ್‌ಶಿಪ್ ಕೊಡುವ ಹಾಗೇ ಇಲ್ಲ. ಬ್ಯಾಂಕಿನಲ್ಲಿ ಸಾಲ ಕೇಳುವ ಮೊದಲೇ ಇದನ್ನು ಮನೆಯವರಿಗೆ ಹೇಳಿಬಿಡಿ.